ದಾವಲಸಾಬರ ಎಣ್ಣೆ ತಲೆ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ದೂರದ ಮಹಾನಗರ ಸೇರಿ, ಅಲ್ಲಿನ ವಡಾಲ ಬಡಾವಣೆಯ ಕ್ಷೌರದಂಗಡಿಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಒಂದು ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಆದೆ.

ಲೋಕಲ್ ರೈಲಿನಿಂದ ಬಿದ್ದು ತಲೆಗೆ ಒಳಪೆಟ್ಟಾಗಿದ್ದ ದರ್ಜಿ ದಾವಲಸಾಬರು ಎಂಟು ದಿನವಾದರೂ ಕಣ್ಣು ಬಿಟ್ಟಿರಲಿಲ್ಲ. ಆಸ್ಪತ್ರೆಗೆ ಹೊಸ ಯಂತ್ರ ಬಂದಿತ್ತು. ಕಿವಿಗೆ ಟಕ್ ಟಕ್ ಸದ್ದು ಬಿಟ್ಟರೆ, ಅದು ಮಿದುಳಿಗೆ ಮುಟ್ಟಿತೋ ಇಲ್ಲವೋ ಎಂದು ತಲೆಗೆ ಅಂಟಿಸಿದ ತಂತಿಗಳು ಹೇಳುತ್ತಿದ್ದವು. ಪರದೆಯಲ್ಲಿ ಬರೀ ಗೀಚು. ಡಾಕ್ಟರು ಆಸೆಯಿಲ್ಲವೆಂಬಂತೆ ತಲೆಯಾಡಿಸಿದರು. ಹೆಂಡತಿ ಮಾಬೂಬಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಾನು ತಂತಿ ಮುಟ್ಟಿದೆ, ಜಾರಿತು.

"ಅಕ್ಕಾ, ತಲೆಗೇನು ಹಚ್ಚಿದ್ರಿ?"

"ಕೊಬ್ಬರಿ ಎಣ್ಣಿರಿ ಅಣ್ಣಾ. ತಲಿ ತಂಪಿರ್ಲಿ ಅಂತ ದಿನಾ ಹಚ್ತೀನಿ."

ಡಾಕ್ಟರನ್ನು ಕೇಳಿ, ಹಳೇ ಕಸುಬಿನ ಕೈಯಿಂದ ಸಾಬೂನು ಹಾಕಿ ಮೆಲ್ಲಗೆ ತೊಳೆದು ಒರೆಸಿದೆ. ಮತ್ತೆ ತಂತಿ ಅಂಟಿಸಿದಾಗ ಪರದೆಯಲ್ಲಿ ಅಲೆಗಳು ಒಂದರ ಹಿಂದೊಂದು ಎದ್ದವು.

"ಸದ್ದು ಒಳಗೆ ಮುಟ್ತಿದೆ, ಇನ್ನೂ ಆಸೆ ಇದೆ" ಎಂದರು ಡಾಕ್ಟರು.

ಮಾಬೂಬಿ ಕಣ್ಣೊರೆಸಿಕೊಂಡು ಗಂಡನನ್ನು ಗದರಿದರು: "ಇಪ್ಪತ್ತು ವರ್ಷ ನಾ ಕೂಗಿದ್ದು ಕೇಳ್ಲಿಲ್ಲ, ಈ ಟಕ್ ಟಕ್ಕಿಗೆ ಓಗೊಡ್ತೀರೇನು?"

ಸಾಬರು ಕಣ್ಣು ಬಿಟ್ಟ ವಾರವೇ, ಎಲ್ಲೂ ನೆಲೆ ನಿಲ್ಲದ ನನ್ನ ಹಳೇ ಚಾಳಿಯಂತೆ, ಆ ಕೆಲಸವನ್ನೂ ಬಿಟ್ಟು ಚೀಲ ಕಟ್ಟಿದೆ. ನನ್ನ ಅಲೆದಾಟದ ಕಥೆ ಕೇಳಿದ್ದ ಮಾಬೂಬಿ ಎಣ್ಣೆಯ ಬಾಟಲಿ ಕೈಗಿಟ್ಟು, "ನಿಮ್ಮ ತಲಿ ಭಾಳ ಕಾದೈತಿ ಅಣ್ಣಾ, ಅದಕ್ಕ ಒಂದು ಕಡೆ ನಿಲ್ಲಂಗಿಲ್ಲ ನೀವು" ಎಂದರು.

ಅಲ್ಲೇ ಹಚ್ಚಿಕೊಂಡೆ. ಆದರೂ ಹೊರಟೆ.