ವರ್ನಲ್ ಗಿಟ್ಟೆನ್ಸ್ ಎತ್ತಿದ ಬೆರಳು

ವರ್ನಲ್ ಗಿಟ್ಟೆನ್ಸ್ ಬೆರಳು ಎತ್ತಿ, ನಮ್ಮೂರು ಕ್ರಿಕೆಟ್ ಫೈನಲ್ ಸೋತು ಮೂವತ್ತೊಂದು ವರ್ಷವಾಯಿತು. ಆ ಬೆರಳಿನ ವಿಚಾರಣೆ ಇನ್ನೂ ಮುಗಿದಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ನನ್ನ ರಮ್ ಅಂಗಡಿಯಲ್ಲೇ ಅದರ ಕಲಾಪ. ನಿಂಬೆಹುಳಿ ಹಂದಿಮಾಂಸ ಬಡಿಸುವವಳೂ ನಾನೇ, ಗಲಾಟೆ ಮಿತಿಮೀರಿದರೆ ಗದರಿಸುವವಳೂ ನಾನೇ.

ಗಿಟ್ಟೆನ್ಸ್ ವಾರವೆಲ್ಲಾ ಕಬ್ಬಿನ ಲಾರಿ ಓಡಿಸುತ್ತಿದ್ದ. ಭಾನುವಾರ ಅಂಪೈರ್ ಆಗುತ್ತಿದ್ದ. ಬಿಳಿ ಕೋಟಿಗೆ ತಾನೇ ಗಂಜಿ ಹಾಕಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದ, ಆ ವಿಷಯದಲ್ಲಿ ಹೆಂಡತಿಯನ್ನೂ ನಂಬುತ್ತಿರಲಿಲ್ಲ. ಎಸೆತ ಎಣಿಸಲು ಜೇಬಿನಲ್ಲಿ ಆರು ಹುಣಸೆ ಬೀಜ. ಒಂದು ಎಸೆತಕ್ಕೆ ಒಂದು ಬೀಜ ಬಲಜೇಬಿನಿಂದ ಎಡಜೇಬಿಗೆ ಹೋಗುತ್ತಿತ್ತು. ಊಟಕ್ಕೆ ಯಾವ ತಂಡದ ಜೊತೆಗೂ ಕೂರದೆ, ಬೇಲಿ ಪಕ್ಕ ಒಬ್ಬನೇ ನಿಂತು ಮನೆಯಿಂದ ತಂದ ಬ್ರೆಡ್ಡು ಮೀನು ತಿನ್ನುತ್ತಿದ್ದ. ಯಾಕೆಂದು ಒಮ್ಮೆ ಕೇಳಿದ್ದೆ. "ಇನ್ನೊಬ್ಬರ ಉಪ್ಪು ತಿಂದ್ರೆ ಬೆರಳು ಭಾರ ಆಗುತ್ತೆ, ವೆರೋನಾ" ಎಂದಿದ್ದ.

ಆ ಫೈನಲ್‌ನಲ್ಲಿ ಸೇಂಟ್ ಜಾನ್‌ನವರ ಎದುರು ನಮಗೆ ಮೂರು ರನ್ ಬೇಕಿತ್ತು, ಕೈಯಲ್ಲಿದ್ದದ್ದು ಒಂದೇ ವಿಕೆಟ್. ಆಡುತ್ತಿದ್ದವನು ಗಾರೆ ಕೆಲಸದ ಡಾರ್ನ್ಲಿ ಇನ್ನಿಸ್, ಗಿಟ್ಟೆನ್ಸ್‌ನ ಪಕ್ಕದ ಮನೆಯವನು. ನಲವತ್ತೆಂಟು ಹೊಡೆದಿದ್ದ, ಜೀವನದಲ್ಲಿ ಐವತ್ತು ಕಂಡವನಲ್ಲ. ಚೆಂಡು ಪ್ಯಾಡಿಗೆ ಬಡಿಯಿತು, ಬೆರಳು ಮೇಲೆದ್ದಿತು.

ಅಂದಿನಿಂದ ಡಾರ್ನ್ಲಿ ನನ್ನ ಮೇಜಿನ ಮೇಲೆ ಡಾಮಿನೋ ಬಿಲ್ಲೆಗಳಲ್ಲಿ ಪಿಚ್ ಕಟ್ಟುತ್ತಾನೆ. ನಿಲ್ಲಿಸಿದ ಮೂರು ಬಿಲ್ಲೆ ಸ್ಟಂಪು, ಜೋಡಿ ಆರರ ಬಿಲ್ಲೆ ಅವನ ಪ್ಯಾಡು, ಬಾಟಲಿ ಮುಚ್ಚಳ ಚೆಂಡು. ಚೆಂಡು ಲೆಗ್ ಸ್ಟಂಪಿನ ಆಚೆ ಬಿದ್ದಿತ್ತು, ನಾನು ಔಟೇ ಅಲ್ಲ ಎಂದು ಮೇಜು ಗುದ್ದುತ್ತಾನೆ. ಹಾಗೆ ಗುದ್ದಿಯೇ ಎರಡು ಮೇಜು ಹಾಳು ಮಾಡಿದ. ಗಿಟ್ಟೆನ್ಸ್ ಮೂಲೆಯಲ್ಲಿ ತುಟಿ ಹೊಲಿದುಕೊಂಡವನಂತೆ ಕೂತಿರುತ್ತಾನೆ. ಕೊಟ್ಟ ತೀರ್ಪಿಗೆ ವಿವರಣೆ ಕೊಡುವ ಜಾಯಮಾನ ಅವನದಲ್ಲ. ಎಲ್ಲ ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ಮನೆಗೆ ನಡೆಯುತ್ತಾರೆ.

ಈ ವರ್ಷ ಗಿಟ್ಟೆನ್ಸ್‌ನ ಎರಡೂ ಕಣ್ಣು ಹೋದವು. ಡಾರ್ನ್ಲಿಯ ಭುಜ ಹಿಡಿದು ಅಂಗಡಿಗೆ ಬರತೊಡಗಿದ. ಒಂದು ಶನಿವಾರ ಮೀನು ಮಾರುವ ಎಲ್ರಿಕ್, ನಾಲಿಗೆಗೆ ಮೂಳೆ ಇಲ್ಲದವನು, ಎಲ್ಲರಿಗೂ ಕೇಳುವಂತೆ ಹೇಳಿದ:

"ಇವನ ಕಣ್ಣು ಈಗ ಹೋಗಿದ್ದಲ್ಲ ಕಣ್ರೋ. ಫೈನಲ್ ದಿನಾನೇ ಹೋಗಿತ್ತು."

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಗಿಟ್ಟೆನ್ಸ್ ಗ್ಲಾಸು ಕೆಳಗಿಟ್ಟು, ಕೋಲು ತಡಕಿಕೊಂಡು ಒಬ್ಬನೇ ಹೊರಟುಹೋದ. ಮೂವತ್ತೊಂದು ವರ್ಷ ಬೈಸಿಕೊಂಡರೂ ಅವನು ಹೀಗೆ ಎದ್ದು ಹೋದದ್ದಿಲ್ಲ. ತಪ್ಪು ತೀರ್ಪು ಕೊಟ್ಟ ಅನ್ನುವುದು ಬೇರೆ, ನೋಡದೇ ಕೊಟ್ಟ ಅನ್ನುವುದು ಬೇರೆ. ಲಾರಿ ಹೋಯಿತು, ಹೆಂಡತಿ ಹೋದಳು, ಅವನಿಗೆ ಉಳಿದಿದ್ದದ್ದು ಕಣ್ಣಾರೆ ನೋಡಿ ತೀರ್ಪು ಕೊಡುವವನೆಂಬ ಆ ಒಂದು ಹೆಸರು.

ಎರಡು ಶನಿವಾರ ಅವನು ಬರಲಿಲ್ಲ. ಮೂರನೆಯ ಶನಿವಾರ ಡಾರ್ನ್ಲಿ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದ. ಮೂಲೆಯ ಕುರ್ಚಿ ಬಿಟ್ಟು ಮೇಜಿನ ಎದುರೇ ಕೂರಿಸಿದ. ಎಂದಿನಂತೆ ಪಿಚ್ ಕಟ್ಟಿದ. ಮುಚ್ಚಳವನ್ನು ಮಾತ್ರ ಮಧ್ಯದ ಸ್ಟಂಪಿನ ನೇರಕ್ಕಿಟ್ಟು, ಎಲ್ರಿಕ್‌ನ ಕಡೆ ತಿರುಗಿದ.

"ಇಲ್ಲಿ ಬಿತ್ತು. ನಾನು ಔಟಾಗಿದ್ದೆ. ಆವತ್ತೇ ಗೊತ್ತಿತ್ತು ನಂಗೆ. ಮೈದಾನದಲ್ಲಿ ಸರಿಯಾಗಿ ಕಣ್ಣು ಬಿಟ್ಕೊಂಡು ನಿಂತಿದ್ದವನು ಇವನೊಬ್ಬನೇ."

ಎಲ್ರಿಕ್ ತಲೆ ತಗ್ಗಿಸಿದ. ಡಾರ್ನ್ಲಿ ಮೇಜು ಗುದ್ದಲಿಲ್ಲ, ಕುರ್ಚಿಗೆ ಒರಗಿ ಕೂತ. ಆ ದೊಡ್ಡ ಆಳು ಒಮ್ಮೆಲೇ ಮುದುಕನಾದಂತೆ ಕಂಡ. ಇವನ ಹತ್ತಿರ ಇದ್ದದ್ದೇ ಅದೊಂದು ಜಗಳ. ಅದನ್ನೂ ಕೊಟ್ಟುಬಿಟ್ಟನಲ್ಲ.

ಆಗ ಗಿಟ್ಟೆನ್ಸ್ ಮೇಜಿನ ಮೇಲೆ ಕೈ ಚಾಚಿದ. ಇಷ್ಟು ವರ್ಷದಲ್ಲಿ ಆ ಬಿಲ್ಲೆಗಳನ್ನು ಅವನು ಮುಟ್ಟಿದ್ದೇ ಇಲ್ಲ. ಸ್ಟಂಪುಗಳನ್ನು ಸವರಿದ, ಜೋಡಿ ಆರರ ಚುಕ್ಕಿಗಳನ್ನು ಬೆರಳ ತುದಿಯಲ್ಲಿ ಎಣಿಸಿದ. ಬಾಟಲಿ ಮುಚ್ಚಳ ಕೈಗೆ ಸಿಕ್ಕಿತು, ಅದನ್ನು ತೆಗೆದು ಪಕ್ಕಕ್ಕಿಟ್ಟ. ಜೇಬಿನಿಂದ ಸವೆದು ನುಣ್ಣಗಾದ ಒಂದು ಹುಣಸೆ ಬೀಜ ತೆಗೆದು, ಅಳೆದು ಅಳೆದು, ಲೆಗ್ ಸ್ಟಂಪಿನಿಂದ ಒಂದು ಬೆರಳಗಲ ಆಚೆ ಇಟ್ಟ.

"ಇಲ್ಲೂ ಬಿದ್ದಿರಬಹುದು, ಡಾರ್ನ್ಲಿ" ಎಂದ.

ಡಾರ್ನ್ಲಿ ಆ ಬೀಜವನ್ನೇ ನೋಡಿದ. ಅವನ ಕಣ್ಣು ತುಂಬಿತ್ತು. ಆಮೇಲೆ ನನ್ನ ಮೂರನೆಯ ಮೇಜು ನಡುಗುವಂತೆ ಗುದ್ದಿ, ನಾನು ಔಟ್ ಅಂದಮೇಲೆ ಔಟೇ, ನೀನ್ಯಾರೋ ಹೇಳೋಕೆ ಎಂದು ಶುರುಮಾಡಿದ.