ಹನ್ನೊಂದು ಅಂತಸ್ತಿನ ಬುಡದಲ್ಲಿ ಅಮೋಗಸಿದ್ಧ

ಕರಜಗಿಯ ಅಮೋಗಸಿದ್ಧನ ಮನೆಯ ಪಡಸಾಲೆಯಲ್ಲಿ ಒಂದು ಫೋಟೋ ತೂಗುಹಾಕಿದ್ದಾರೆ. ಬೋಳು ಹೊಲ. ಎಡಕ್ಕೆ ಅಮೋಗಸಿದ್ಧ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೆಂಪು-ಬಿಳಿ ಪಟ್ಟೆಯ ಎತ್ತರದ ಕೋಲು. ಬಲಕ್ಕೆ ಟೊಪ್ಪಿಗೆಯ ಒಬ್ಬ ಬಿಳಿ ಸಾಹೇಬ, ಸೊಂಟ ಮುರಿಯುವಷ್ಟು ಬಗ್ಗಿ ಇವನ ಕಡೆಗೇ ತಲೆ ಮಾಡಿದ್ದಾನೆ. ನಡುವೆ ಒಂದು ಕರಿ ಛತ್ರಿ. ಗಾಜಿನ ಮೇಲೆ ಕುಂಕುಮ.

ಸಂತರಿಗೆ ಹೆಸರಾದ ಅಕ್ಕಲಕೋಟೆಯ ಸೀಮೆಯಲ್ಲಿ ಇಂಥ ಫೋಟೋ ಕಂಡವರು ಏನು ತಿಳಿಯುತ್ತಾರೋ, ಈ ಸಾಲು ಬರೆಯುವವನೂ ಅದನ್ನೇ ತಿಳಿದ. ಕುರಿ ಕಾಯುವ ವೇಷದಲ್ಲಿ ಯಾರೋ ಸಿದ್ಧಪುರುಷ ಇದ್ದಾನೆ, ವಿಲಾಯಿತಿಯ ಭಕ್ತನೊಬ್ಬ ಬಂದು ಶರಣಾಗಿದ್ದಾನೆ, ನಮಗೇ ಗೊತ್ತಿಲ್ಲ! ಚಪ್ಪಲಿ ಹೊರಗೆ ಬಿಟ್ಟು, ಕಾಲು ಮುಟ್ಟಲು ಬಗ್ಗಿಯೂ ಬಿಟ್ಟ. ಅಮೋಗಸಿದ್ಧ ಕಾಲು ಹಿಂದಕ್ಕೆಳೆದುಕೊಂಡು ನೆಲ ನೋಡಿದ.

"ಏನ್ ಬಿದ್ದದ್ರಿ?"

ನಿಜ ಹೇಳಿದವಳು ಅವನ ಹೆಂಡತಿ ಸೋಮವ್ವ. ಸಾಹೇಬ ಬಗ್ಗಿದ್ದು ಗಂಡನಿಗಲ್ಲ, ಹೊಲ ಅಳೆಯುವ ಮೂರು ಕಾಲಿನ ದುರ್ಬೀನಿಗೆ. ಬಿಸಿಲು ತಾಗಬಾರದೆಂದು ಹಿಡಿದ ಛತ್ರಿ ದುರ್ಬೀನನ್ನು ಮುಚ್ಚಿದೆ. ಕುಂಕುಮದ ಗುಟ್ಟೂ ದೊಡ್ಡದಲ್ಲ. ಅಮಾವಾಸ್ಯೆಗೆ ಅವಳು ಬೀಸುಕಲ್ಲಿಗೆ, ಕಂದೀಲಿಗೆ ಹಚ್ಚುತ್ತ ಬರುವಾಗ ಕೈಯಲ್ಲಿ ಉಳಿದದ್ದು ಇದಕ್ಕೂ ತಾಗುತ್ತದೆ, ಅಷ್ಟೆ.

ಅಮೋಗಸಿದ್ಧನ ಬದುಕೆಲ್ಲ ನಿಂತುಕೊಂಡೇ ನಡೆದದ್ದು. ಕೋಲಿನ ತುದಿಗೆ ಗದ್ದ ಊರಿ, ಒಂದು ಪಾದವನ್ನು ಇನ್ನೊಂದು ಮೊಳಕಾಲಿಗೆ ಆನಿಸಿ ನಿಂತನೆಂದರೆ ಹೊತ್ತು ಸರಿಯುತ್ತಿತ್ತು, ಅವನು ಸರಿಯುತ್ತಿರಲಿಲ್ಲ. ಮಾತೂ ಹಾಗೆಯೇ. ವಾರಕ್ಕೆ ಬೇಕಾದಷ್ಟನ್ನು ಸೋಮವಾರವೇ ಆಡಿ ಮುಗಿಸಿದವನಂತೆ ಇರುತ್ತಿದ್ದ. ಜೋಳದ ಸುಗ್ಗಿ ಮುಗಿದ ಮೇಲೆ ಮಳೆಗಾಲದವರೆಗೆ ಅವನ ಹಿಂಡು ತಂಗುತ್ತಿದ್ದದ್ದು ಅಕ್ಕಲಕೋಟೆಯಿಂದ ಮೈಂದರ್ಗಿಗೆ ಹೋಗುವ ದಾರಿಯ ಒಂದು ಹೊಲದಲ್ಲಿ. ಅಲ್ಲಿ ಬಾವಿ ಇತ್ತು, ಬೇವಿನ ನೆರಳಿತ್ತು. ಹೊಲಕ್ಕೆ ಕುರಿಯ ಗೊಬ್ಬರ, ಕುರಿಗೆ ನೀರು. ಅಜ್ಜನ ಕಾಲದಿಂದ ಬಂದ ಏರ್ಪಾಡು. ಬೇಸಗೆಯಲ್ಲಿ ಅಷ್ಟು ಕುರಿಗೆ ನೀರು ಕೊಡುವ ಹೊಲ ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ.

ಹೊಲದ ಮಾಲೀಕರು ಮೈಂದರ್ಗಿಯ ಅಣ್ಣಾರಾಯ ಪಾಟೀಲರು. ಇವರಿಗೆ ಸೊಲ್ಲಾಪುರದ ಗಿರಣಿಯ ಚಿಮಣಿಯ ಮೇಲೆ ಬಹಳ ದಿನದ ಸಿಟ್ಟು. ಬಸ್ಸಿನಲ್ಲಿ ಹೋದಾಗಲೆಲ್ಲ ಊರಿಗಿಂತ ಮೊದಲು ಅದೇ ಕಾಣುತ್ತದೆ, ತಾವು ಬಂದದ್ದು ಮಾತ್ರ ಇಳಿದ ಮೇಲೂ ಯಾರಿಗೂ ಕಾಣುವುದಿಲ್ಲ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಮುಂಬಯಿಗೆ ಹೋಗಿ ಬಂದವರು, ಚಿಮಣಿಗಿಂತ ಒಂದು ಮೊಳ ಎತ್ತರವಾಗಿ ಹನ್ನೊಂದು ಅಂತಸ್ತಿನ 'ಅಣ್ಣಾರಾಯ ಮ್ಯಾನ್ಶನ್' ಕಟ್ಟಿಸುವುದಾಗಿ ಸಾರಿದರು. ಅಷ್ಟು ಅಂತಸ್ತಿನಲ್ಲಿ ಯಾರು ಇರುತ್ತಾರೆ ಎಂದು ಕೇಳುವ ಧೈರ್ಯ ಊರಿನವರಿಗೆ ಇರಲಿಲ್ಲ. ಕೇಳುವ ಅಗತ್ಯ ಕಂಪನಿಗೆ ಕಾಣಲಿಲ್ಲ.

ಕಂಪನಿ ಎಂದರೆ ಥ್ರಪ್, ಥ್ರಪ್ ಅಂಡ್ ಕಂಪನಿ. ಇಡೀ ಲೋಕಕ್ಕೆ ಎತ್ತರದ ಕಟ್ಟಡಗಳ ನಕಾಶೆ ಬರೆದುಕೊಡುವವರು. ಅವರ ಕಾಗದದ ಎಡಬದಿಯಲ್ಲಿ ಲಂಡನ್, ನೈರೋಬಿ, ಸಿಂಗಾಪುರ, ಮುಂಬಯಿ ಎಂದು ಕಚೇರಿಗಳ ಹೆಸರು ಎಷ್ಟು ಉದ್ದಕ್ಕೆ ಇಳಿದಿತ್ತೆಂದರೆ, ಪತ್ರ ಬರೆಯಲು ಉಳಿದ ಜಾಗ ಪಾನಪಟ್ಟಿ ಕಟ್ಟಲೂ ಸಾಲದು. ನಮ್ಮ ಜನ ಅದನ್ನು 'ತುರುಪು ಕಂಪನಿ' ಎಂದರು. ಇಸ್ಪೀಟು ಬಲ್ಲವರಿಗೆ ಆ ಹೆಸರೇ ಸರಿ ಕಂಡಿತು.

ಐವತ್ತೇಳರ ಸುಗ್ಗಿ ಮುಗಿದ ಕೂಡಲೇ ತುರುಪು ಕಂಪನಿಯ ಸಾಹೇಬನೂ ಸೊಲ್ಲಾಪುರದ ಒಬ್ಬ ಓವರ್‌ಸಿಯರನೂ ಹೊಲ ಅಳೆಯಲು ಬಂದರು. ದುರ್ಬೀನಿನ ಎದುರು ಯಾರಾದರೂ ಪಟ್ಟೆಕೋಲನ್ನು ನೆಟ್ಟಗೆ ಹಿಡಿದು ನಿಲ್ಲಬೇಕು. ಮೊದಲನೆಯವನು ಸಾಹೇಬ ಕೈ ಬೀಸಿದಾಗ ಕೋಲು ಬಿಟ್ಟು ತಾನೂ ನಮಸ್ಕಾರ ಮಾಡಿದ. ಎರಡನೆಯವನು ಕೋಲನ್ನು ಬೇವಿಗೆ ಆನಿಸಿ ಒಂದಕ್ಕೆ ಹೋದವನು ತಿರುಗಿ ಬರಲಿಲ್ಲ. ಆಗ ಸಾಹೇಬನ ಕಣ್ಣಿಗೆ, ಹೊಲದ ಬದುವಿನ ಮೇಲೆ ಬೆಳಗಿನಿಂದ ಅಲುಗದೆ ನಿಂತಿದ್ದ ಅಮೋಗಸಿದ್ಧ ಬಿದ್ದ. ಕರೆತಂದು, ಅವನ ಕೋಲು ಕಸಿದು, ಕಂಪನಿಯ ಕೋಲು ಕೊಟ್ಟರು.

"ಹಲೂ ನಕೋ!" ಎಂದು ಓವರ್‌ಸಿಯರ್ ಚೀರಿದ. ಅಲುಗಬೇಡ ಎಂದು ಅಮೋಗಸಿದ್ಧನಿಗೆ ಹೇಳಿದವನು ಭೂಮಿಯ ಮೇಲೆ ಅವನೊಬ್ಬನೇ ಇರಬೇಕು.

ಎಂಟು ದಿನ ನಿಂತ. ಒಂಬತ್ತನೆಯ ದಿನ ರೊಟ್ಟಿ ತಂದ ಸೋಮವ್ವ ಸೊಂಟದ ಮೇಲೆ ಕೈ ಇಟ್ಟಳು.

"ಏನ್ರಿ, ನಮ್ಮ ಕುರಿ ಕೂಡ್ರು ಜಾಗಾ ಅಳ್ಯಾಕತ್ತಾರ, ನೀವಽ ಕೋಲು ಹಿಡಕೊಂಡು ನಿಂತೀರಲ್ಲ! ನಾಳಿ ನಮ್ಮನ್ನ ಹೊರಗ ಹಾಕೂಮುಂದ ಬಾಗಲಾನೂ ನೀವಽ ತಗೀತೀರೇನು?"

"ದೂರ ನಿಂತ್ರ ಏನ್ ತಿಳೀತದ?" ಎಂದ ಅಮೋಗಸಿದ್ಧ.

ಅದೇ ಸಂಜೆ ಪಾಟೀಲರು ಬಂದಾಗ ಕೇಳಿಯೂ ಬಿಟ್ಟ. "ಪಾಟೀಲ್ರ, ಕಟ್ಟಡ ಎದ್ದ ಮ್ಯಾಲ ಕುರಿ ಎಲ್ಲಿ ಕೂಡ್ರಬೇಕ್ರಿ?"

"ಹನ್ನೊಂದನೇ ಮಜಲಾಕ್ಕ ಹತ್ತಸಲೇ ಅಮೋಗ್ಯಾ, ಲಿಫ್ಟ್ ಇರ್ತದ!" ಎಂದು ಪಾಟೀಲರು ನಕ್ಕರು. ಜೊತೆಯವರು ಅದಕ್ಕಿಂತ ಜೋರಾಗಿ ನಕ್ಕರು. ಜೊತೆಯವರ ಕೆಲಸವೇ ಅದು.

ಕೆಲಸ ಮುಗಿದ ದಿನ ಪಾಟೀಲರು ಸೊಲ್ಲಾಪುರದಿಂದ ಫೋಟೋದವನನ್ನು ಕರೆಸಿದರು. ಜರಿಯ ರುಮಾಲು ಸುತ್ತಿ, ಗಡಿಯಾರದ ಸರಪಳಿ ತೊಟ್ಟು, ದುರ್ಬೀನಿನ ಪಕ್ಕ ನಿಂತರು. ಆಳು ಛತ್ರಿಯನ್ನು ಸ್ವಲ್ಪ ಕೆಳಗಿಳಿಸಿದ. ಫೋಟೋ ತೊಳೆದು ಬಂದಾಗ ಅದರಲ್ಲಿ ಪಾಟೀಲರ ಬೂಟು ಎರಡಿದ್ದವು. ಉಳಿದ ಪಾಟೀಲರೆಲ್ಲ ಛತ್ರಿಯ ಹಿಂದೆ. ಅವರು ಅದನ್ನು ಅಂಗಳಕ್ಕೆ ಎಸೆದರು. ಎತ್ತಿಕೊಂಡವನು ಅಮೋಗಸಿದ್ಧ. ಆ ಬೂಟನ್ನು ಅವನು ಬಹಳ ಹೊತ್ತು ನೋಡಿದ್ದನೆಂದು ಸೋಮವ್ವ ಹೇಳುತ್ತಾಳೆ.

ಮಳೆಗಾಲ ಕಳೆದು ಕಂಪನಿಯಿಂದ ಬಣ್ಣದ ಚಿತ್ರ ಬಂತು. ಅದು ಮಂಜೂರಾದರೆ ಮರುವಾರವೇ ಪಾಯ ತೋಡುವುದೆಂದು ಮಾತಾಗಿತ್ತು. ಪಾಟೀಲರ ವಾಡೆಯಲ್ಲಿ ಗಾದಿಯ ಮೇಲೆ ಕಂಬಳಿಯಗಲದ ಆ ಕಾಗದವನ್ನು ಹರಡಿ ಊರಿನ ಹಿರಿಯರನ್ನು ಕೂಡಿಸಿದರು. ಹನ್ನೊಂದು ಅಂತಸ್ತು, ಎಲ್ಲ ಗಾಜು. ಬಾಗಿಲಲ್ಲಿ ಮೋಟಾರು. ನಮ್ಮ ಸೀಮೆಯಲ್ಲಿ ಬೆಳೆಯದ ಮರ. ನಾಯಿ ಹಿಡಿದ, ಲಂಗ ತೊಟ್ಟ ಬಿಳಿ ಹೆಂಗಸು. ಬುಡದಲ್ಲಿ ಒಂದಿಂಚಿನ ಒಬ್ಬ ಕುರುಬ, ಹೆಗಲಿಗೆ ಕಂಬಳಿ, ಕೋಲಿಗೆ ಊರಿದ ಗದ್ದ.

"ಕಟ್ಟಡ ಎಷ್ಟು ಎತ್ತರ ಅಂತ ತಿಳೀಬೇಕಲ್ರಿ, ಅದಕ್ಕ ಬಾಜೂಕ ಒಬ್ಬ ಸಣ್ಣ ಮನಷ್ಯಾನ್ನ ತಗದಿರ್ತಾರ," ಎಂದು ಓವರ್‌ಸಿಯರ್ ವಿವರಿಸಿದ.

ಹಿರಿಯರು ಬೆರಳು ಮಡಚಿ ಅಂತಸ್ತು ಎಣಿಸಿದರು. ವಾಹವಾ ಎಂದರು. ಪಾಟೀಲರು ಮೀಸೆಯ ಮೇಲೆ ಕೈಯಾಡಿಸಿದರು. ಹೊಸ್ತಿಲ ಹೊರಗೆ ನಿಂತಿದ್ದ ಅಮೋಗಸಿದ್ಧ ಕತ್ತು ಚಾಚಿ ಒಂದು ಗಳಿಗೆ ನೋಡಿದ.

"ಛಲೋ ಅದರಿ. ನಾ ಅದೀನಿ. ನಾಯಿ ಹಿಡಿದ ಬಾಯಿ ಅದಾಳ. ನಾಯೀನೂ ಅದ." ತಡೆದು ಕೇಳಿದ: "ನಮ್ಮ ಪಾಟೀಲ್ರು ಎಲ್ಲಿ ಅದಾರ್ರಿ ಇದರಾಗ?"

ಪಾಟೀಲರು ಮೊಳಕಾಲೂರಿ ಇಡೀ ಚಿತ್ರವನ್ನು ಹುಡುಕಿದರು, ಕಿಟಕಿಗಳಲ್ಲೂ ಇಣುಕಿದರು. ಇರಲಿಲ್ಲ.

ಅಂದೇ ಮುಂಬಯಿಗೆ ಪತ್ರ ಹೋಯಿತು: ನಮ್ಮನ್ನು ಚಿತ್ರದಲ್ಲಿ ತೋರಿಸತಕ್ಕದ್ದು. ತಿಂಗಳ ಮೇಲೆ ಉತ್ತರ ಬಂತು: ಆಗಬಹುದು, ಆದರೆ ಈ ಅಳತೆಯಲ್ಲಿ ಯಾವ ಮನುಷ್ಯನೂ ಒಂದಿಂಚಿಗಿಂತ ದೊಡ್ಡವನಾಗಿರಲು ಸಾಧ್ಯವಿಲ್ಲ.

"ನಾ ಒಂದಿಂಚಿನ ಮನಷ್ಯಾ ಏನು?" ಪಾಟೀಲರು ಓವರ್‌ಸಿಯರನ ಮೇಲೆ ಹರಿಹಾಯ್ದರು. "ಅಮೋಗ್ಯಾ ಅಷ್ಟಽ, ನಾನೂ ಅಷ್ಟಽ? ರುಮಾಲು ಕಾಣಬೇಕು, ಮೀಸಿ ಕಾಣಬೇಕು, ಸರಪಳಿ ಎಣಸಾಕ ಬರಬೇಕು. ಬರೀ!"

ಓವರ್‌ಸಿಯರ್ ಬರೆದ. ಮುಂಬಯಿಯವರು ಲಂಡನ್ನಿಗೆ ಬರೆದರು. ಇಬ್ಬರು ಥ್ರಪ್ಪರೂ ಕೂಡಿ ಪಾಟೀಲರ ರುಮಾಲಿನ ಬಗ್ಗೆ ನಾಲ್ಕು ತಿಂಗಳು ಆಲೋಚಿಸಿದರು. ಕೊನೆಗೆ, ಗಿರಾಕಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದು ತಮ್ಮ ಹಿರಿಮೆ ಎಂಬ ಒಕ್ಕಣೆಯೊಂದಿಗೆ ಹೊಸ ಚಿತ್ರ ಕಳಿಸಿದರು. ಪಾಟೀಲರು ಒಂದು ಫೂಟು ಎತ್ತರವಿದ್ದರು. ಸರಪಳಿಯ ಒಂದೊಂದು ಕೊಂಡಿಯೂ ಸ್ಪಷ್ಟ. ಹಿಂದೆ ಕಟ್ಟಡ ಅದೇ ಅಳತೆಗೆ ಹಿಗ್ಗಿ, ಒಂದೂವರೆ ಅಂತಸ್ತಿಗೆ ಕಾಗದ ಮುಗಿದಿತ್ತು.

"ಉಳದ ಒಂಬತ್ತೂವರಿ ಎಲ್ಲಿ?"

"ಅವು ಕಾಗದದ ಹೊರಗ ಅದಾವ್ರಿ, ನಿಮ್ಮ ತಲಿ ಮ್ಯಾಲ," ಎಂದ ಓವರ್‌ಸಿಯರ್. ಪಾಪ, ನಿಜವನ್ನೇ ಹೇಳಿದ.

ಪಾಟೀಲರು ತಲೆ ಎತ್ತಿ ನೋಡಿದರು. ವಾಡೆಯ ಜಂತಿ ಬಿಟ್ಟರೆ ಮತ್ತೇನೂ ಇರಲಿಲ್ಲ. ತುರುಪು ಕಂಪನಿ ತಮ್ಮ ಒಂಬತ್ತೂವರೆ ಅಂತಸ್ತು ನುಂಗಿತೆಂದು ತೀರ್ಮಾನಿಸಿ, ವ್ಯವಹಾರ ಮುರಿಯಿತೆಂದು ತಂತಿ ಕಳಿಸಿದರು. ಹನ್ನೊಂದಂತಸ್ತಿನ ಚಿತ್ರ ಮಾಳಿಗೆ ಸೇರಿತು. ಒಂದೂವರೆಯದು ಕಟ್ಟು ಹಾಕಿಸಿಕೊಂಡು ಗೋಡೆ ಏರಿತು, ಈಗಲೂ ಇದೆ.

ಹೊಲ ಉಳಿಯಿತು. ಮರುವರ್ಷದ ಸುಗ್ಗಿ ಕಳೆದು ಈ ಬರೆಯುವವನು ಅಲ್ಲಿಗೆ ಹೋದಾಗ, ಕಂಪನಿ ನೆಟ್ಟಿದ್ದ ನಾಲ್ಕು ಗೂಟಗಳಿಗೆ ಸೋಮವ್ವ ಮರಿಗಳನ್ನು ಕಟ್ಟುತ್ತಿದ್ದಳು. ಹಿಂಡು ಬಾವಿಯ ಸುತ್ತ ಕೂತು ಮೆಲುಕು ಹಾಕುತ್ತಿತ್ತು. ಅಮೋಗಸಿದ್ಧ ತನ್ನ ಸ್ವಂತ ಕೋಲಿಗೆ ಗದ್ದ ಊರಿ ನಿಂತಿದ್ದ. ಕಥೆಯೆಲ್ಲ ತಿಳಿದ ಮೇಲೂ ಫೋಟೋ ತಲೆಯಿಂದ ಹೋಗಿರಲಿಲ್ಲ, ಕೇಳದೆ ಇರಲಾಗಲಿಲ್ಲ.

"ಅಮೋಗಸಿದ್ಧಣ್ಣ, ನಾಲ್ಕು ದೇಶದಲ್ಲಿ ಕಚೇರಿ ಇರುವ ಕಂಪನಿಯ ಸಾಹೇಬ ನಿನ್ನೆದುರು ಅಷ್ಟು ಹೊತ್ತು ಬಗ್ಗಿ ನಿಂತಿದ್ದನಲ್ಲ, ಆಗ ನಿನ್ನ ಮನಸ್ಸಿಗೆ ಏನನ್ನಿಸಿತು?"

ಅವನು ಗದ್ದ ಎತ್ತಲಿಲ್ಲ.

"ಒಂದಕ್ಕ ಬಂದಿತ್ರಿ. ಆ ಮಗ ಮ್ಯಾಲ ಏಳವಲ್ಲ."