ದುರುಗಮ್ಮ ಉಜ್ಜಿದ ಅಕ್ಷರಗಳು

ಗಾಳೆಪ್ಪ ಮೂವತ್ತೊಂದು ವರ್ಷ ಹಗರಿಬೊಮ್ಮನಹಳ್ಳಿಯ ಸುತ್ತಮುತ್ತ ಕಾಗದ ಹಂಚಿದವನು. ಹಂಪಸಾಗರದ ಕಡೆ ಅವನ ಸೈಕಲ್ಲಿನ ಗಂಟೆ ಕೇಳದ ಓಣಿ ಇರಲಿಲ್ಲ. ನಿವೃತ್ತನಾದ ಮೇಲೂ ನಾಲ್ಕಾರು ತಿಂಗಳು ಬೆಳಿಗ್ಗೆ ಎಂಟಕ್ಕೆಲ್ಲ ಜಳಕ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಹೋಗುವುದಕ್ಕೆ ಎಲ್ಲಿಯೂ ಇಲ್ಲದೆ ಮನೆಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಹೆಂಡತಿ ದುರುಗಮ್ಮ ಬಾಗಿಲಿಗೆ ಬಂದು ಒಂದು ಗಳಿಗೆ ನೋಡಿ ಒಳಗೆ ಹೋಗುತ್ತಿದ್ದಳು. ಅವಳಿಗೂ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಅವಳು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ಅಲ್ಲಿಗೆ ಗ್ಯಾಸ್ ಬರುವ ಮುಂಚೆ ಎಷ್ಟೋ ವರ್ಷ ಹಸಿ ಕಟ್ಟಿಗೆಯ ಒಲೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡೇ ಮನೆಗೆ ಬರುತ್ತಿದ್ದಳು. ಗಂಡ ಹೆಂಡತಿ ಒಂದೇ ಸೂರಿನ ಕೆಳಗಿದ್ದರೂ ಹಗಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದ್ದು ಭಾನುವಾರಗಳಲ್ಲಿ ಮಾತ್ರ.

ಮಗಳು ಸಮತಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಫೋನಿನಲ್ಲಿ ಒಂದೇ ತರದ ವಿಡಿಯೊಗಳನ್ನು ಮತ್ತೆ ಮತ್ತೆ ನೋಡುವುದನ್ನು ಅವಳು ಗಮನಿಸಿದಳು. ಅದರಲ್ಲಿ ಯಾರೋ ಒಬ್ಬ ಸಣ್ಣ ಯಂತ್ರದ ಮುಂದೆ ಕೂತು, ದಾರದಷ್ಟು ತೆಳ್ಳಗಿನ ಗರಗಸದಲ್ಲಿ ಹಲಗೆಯಿಂದ ಜಿಂಕೆ, ಎಲೆ, ಬಳ್ಳಿ ಕತ್ತರಿಸಿ ತೆಗೆಯುತ್ತಿದ್ದ. ಅದಕ್ಕೆ ಸ್ಕ್ರೋಲ್ ಸಾ ಅನ್ನುತ್ತಾರೆ ಎಂದು ಗಾಳೆಪ್ಪ ಹೇಳಿದ. ಸಮತಾ ಅವನಿಗೆ ತಿಳಿಸದೆ ಅದನ್ನು ತರಿಸಿಬಿಟ್ಟಳು. ಪೆಟ್ಟಿಗೆಯಲ್ಲಿ ಯಂತ್ರದ ಜೊತೆ ಒಂದು ಕಟ್ಟು ಬ್ಲೇಡು, ಒಂದು ಕನ್ನಡಕ, ಒಂದು ಮಾಸ್ಕು ಇದ್ದವು.

ಪಡಸಾಲೆಯ ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿತ್ತು. ಅಲ್ಲೇ ಒಂದು ಹಳೆಯ ಮೇಜಿನ ಮೇಲೆ ಯಂತ್ರ ಕೂರಿಸಿದ. ಶುರು ಮಾಡಿದ ಕೂಡಲೇ ಮೇಜು ಗಡಗಡ ನಡುಗಿ, ಗೂಡಿನಲ್ಲಿದ್ದ ಪಾತ್ರೆಗಳು ಸದ್ದು ಮಾಡಿದವು. ಸೈಕಲ್ ಟ್ಯೂಬು ಕತ್ತರಿಸಿ ಯಂತ್ರದ ಕೆಳಗೆ ಹಾಕಿ, ಬೋಲ್ಟು ಬಿಗಿದ ಮೇಲೆ ನಡುಕ ನಿಂತಿತು. ಮೊದಲ ವಾರ ಹತ್ತಾರು ಬ್ಲೇಡು ಮುರಿದವು. ಹಲಗೆಯನ್ನು ಅವಸರದಿಂದ ನೂಕಿದರೆ ಪಟ್ಟನೆ ತುಂಡಾಗುತ್ತಿದ್ದವು. ಬಗ್ಗಿ ಕೂತು ಕೂತು ಅವನ ಕುತ್ತಿಗೆ ಹಿಡಿದುಕೊಂಡಿತು.

ದುರುಗಮ್ಮ ಎರಡು ದಿನ ನೋಡಿದಳು. ಮೂರನೇ ದಿನ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲೆ ಹಾಕಿದಳು.

"ಕುಂದ್ರು ನೋಡನ. ಟಪಾಲು ಚೀಲ ಹೊತ್ತು ಮೊದ್ಲೇ ಬೆನ್ನು ಹೋಗೇತಿ. ಈಗ ಕುತ್ಗಿನೂ ಕಳ್ಕಂತಿಯೇನು?"

ಆ ಎತ್ತರ ಅವನಿಗೆ ಸರಿಹೋಯಿತು. ಬೆನ್ನು ನೆಟ್ಟಗಿಟ್ಟು, ಮೊಳಕೈ ಮೇಜಿಗೆ ಊರಿ, ಹಲಗೆಯನ್ನು ನಿಧಾನ ತಿರುಗಿಸುವುದು ಕೈಗೆ ಬಂತು.

ಅವನು ಜಿಂಕೆ, ನವಿಲು ಮಾಡಲಿಲ್ಲ. ಮನೆಯ ಹೆಸರಿನ ಫಲಕ ಮಾಡಿದ. ಬೋರ್ಡಿಲ್ಲದ ಮನೆಗಳ ಮುಂದೆ ನಿಂತು ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡವನಿಗೆ ಬೇರೆ ಏನು ಹೊಳೆದೀತು? ಮೊದಲನೆಯದು ಹಂಪಸಾಗರದ ಪಂಚಾಕ್ಷರಪ್ಪನದು. ಪ್ರತಿ ಬೇಸಿಗೆಯಲ್ಲಿ ಅವನನ್ನು ನೆರಳಿಗೆ ಕರೆದು ಮಜ್ಜಿಗೆ ಕೊಡುತ್ತಿದ್ದ ಅಂಗಡಿಕಾರ. ಹೆಸರನ್ನು ಕಾಗದದ ಮೇಲೆ ದಪ್ಪಗೆ ಬರೆದು, ಹಲಗೆಗೆ ಅಂಟಿಸಿ, ಗೆರೆಯ ಗುಂಟ ಕತ್ತರಿಸುತ್ತ ಹೋಗಬೇಕು. ಕನ್ನಡದ ಅಕ್ಷರಗಳಿಗೆ ಹೊಟ್ಟೆಗಳು ಜಾಸ್ತಿ. ಒಂದು ಸೊನ್ನೆಯ ಒಳಭಾಗ ತೆಗೆಯಬೇಕಾದರೆ ಮೊದಲು ಸಣ್ಣ ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ, ಸೂಜಿಗೆ ದಾರ ಪೋಣಿಸಿದಂತೆ ಆ ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿಯಬೇಕು. ಗಾಳೆಪ್ಪನಿಗೆ ಈ ಕಷ್ಟವೇ ಹಿಡಿಸಿತು.

ಕತ್ತರಿಸಿದ ಅಂಚು ಒರಟಾಗಿರುತ್ತಿತ್ತು. ದುರುಗಮ್ಮ ಎದುರಿಗೆ ಚಾಪೆ ಹಾಸಿಕೊಂಡು, ಕೇಳದೆಯೇ ಉಪ್ಪುಕಾಗದ ತೆಗೆದುಕೊಂಡು ಉಜ್ಜತೊಡಗಿದಳು. ಓದು ಬರಹ ಬಾರದವಳು ಅವಳು. ಒಂದು ದಿನ ಅಕ್ಷರವೊಂದನ್ನು ಎತ್ತಿ ಹಿಡಿದು ಕೇಳಿದಳು.

"ಈ ಗುಂಡನ್ನ ಹೊಟ್ಟೀದು ಯಾವ್ದಿದು?"

"ಅದು ರ."

"ನನ್ ಹೆಸರಿನ್ಯಾಗ ಬರ್ತೈತೇನು?"

"ಬರ್ತೈತಿ. ದು ಆದ್ಮ್ಯಾಲೆ ರು. ಅದಕ್ಕ ಪಕ್ಕದಾಗ ಒಂದು ಬಾಲ ಬರ್ತೈತಿ ನೋಡು."

ಆ ವಾರ ಅವನು ದು, ರು, ಗ, ಮ್ಮ ಬಿಡಿಬಿಡಿಯಾಗಿ ಕತ್ತರಿಸಿ ಕೊಟ್ಟ. ಅವಳು ಉಜ್ಜುತ್ತ ಬೆರಳಿನಿಂದಲೇ ತಿರುವು ಕಲಿತಳು. ಪಂಚಾಕ್ಷರಪ್ಪನ ಬಾಗಿಲ ಫಲಕ ನೋಡಿದವರೆಲ್ಲ ತಮಗೂ ಬೇಕೆಂದರು. ಹಡಗಲಿ, ಕೂಡ್ಲಿಗಿಗೂ ಹೆಸರುಗಳು ಹೋದವು. ಎರಡು ವರ್ಷದಲ್ಲಿ ದುರುಗಮ್ಮನ ಕೈಯಲ್ಲಿ ಎಲ್ಲ ಅಕ್ಷರಗಳೂ ಹಾದುಹೋದವು. ಬಸ್ಸಿನ ಬೋರ್ಡನ್ನು ಅವಳು ಗಟ್ಟಿಯಾಗಿ ಓದಿದರೆ ಪಕ್ಕದವರು ತಿರುಗಿ ನೋಡುತ್ತಿದ್ದರು. ಮದುವೆಯಾದ ಮೇಲೆ ಅವರಿಬ್ಬರೂ ಅಷ್ಟು ಮಾತಾಡಿದ್ದು ಆ ಎರಡು ವರ್ಷ ಮಾತ್ರ.

ಧೂಳು ಕಾಣದೆ ಇದ್ದದ್ದಲ್ಲ. ಯಂತ್ರಕ್ಕೆ ಒಂದು ಸಣ್ಣ ಕೊಳವೆ ಇತ್ತು. ಅದು ಗೆರೆ ಕಾಣಲೆಂದು ಪುಡಿಯನ್ನು ಉಫ್ ಎಂದು ಊದುತ್ತಿತ್ತು. ಊದಿದ್ದು ಎದುರಿಗೆ ಕೂತವಳ ಕಡೆಗೇ ಹೋಗುತ್ತಿತ್ತು. ಸಾಗುವಾನಿ ತುಂಡುಗಳು ಸಿಗುವುದು ಕಡಿಮೆಯಾದಾಗ ಅವನು ಎಂಡಿಎಫ್ ತರತೊಡಗಿದ. ಮರದ ಪುಡಿಯನ್ನೇ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಬೆಣ್ಣೆಯಂತೆ ಕತ್ತರಿಸುತ್ತಿತ್ತು. ಉಜ್ಜಿದರೆ ಮಾತ್ರ ಗಿರಣಿಯ ಹಿಟ್ಟಿನಂತೆ ಎದ್ದು, ಕಿಟಕಿಯ ಬಿಸಿಲಿನಲ್ಲಿ ತೇಲುತ್ತಿತ್ತು. ಪೆಟ್ಟಿಗೆಯಲ್ಲಿ ಬಂದಿದ್ದ ಒಂದೇ ಮಾಸ್ಕನ್ನು ಗಾಳೆಪ್ಪ ಹಾಕಿಕೊಳ್ಳುತ್ತಿದ್ದ. ದುರುಗಮ್ಮ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು. ಸಮತಾ ಒಂದು ಡಬ್ಬಿ ಮಾಸ್ಕು ತಂದುಕೊಟ್ಟಾಗ, "ಉಸ್ರುಗಟ್ತೈತಿ. ಅದರಾಗ ಮಾತಾಡಾಕ ಬರಲ್ಲ," ಎಂದು ತೆಗೆದಿಟ್ಟಳು. ಹಿತ್ತಲಿಗೆ ಹೋಗಿ ಮಾಡಿರೆಂದು ಮಗಳು ಹೇಳಿದಳು. ಹಿತ್ತಲಲ್ಲಿ ಬಿಸಿಲು. ಮಳೆಗಾಲ ಬರಲಿ ಎಂದ ಗಾಳೆಪ್ಪ. ಮಳೆಗಾಲ ಬಂದಾಗ ಹಲಗೆ ನೆನೆಯುತ್ತದೆ ಎಂದ.

ಕೆಮ್ಮು ಯಾವಾಗ ಶುರುವಾಯಿತೆಂದು ಆಮೇಲೆ ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಉಚ್ಚಂಗಿದುರ್ಗದ ಬೆಟ್ಟಕ್ಕೆ ದೇವಿಯ ದರ್ಶನಕ್ಕೆಂದು ಹೋದಾಗ ಅದು ಬಯಲಿಗೆ ಬಂತು. ಪ್ರತಿ ವರ್ಷ ಮೆಟ್ಟಿಲು ಹತ್ತುವಾಗ ಗಂಡನಿಗಿಂತ ಮುಂದೆ ಇರುತ್ತಿದ್ದವಳು ಆ ಸಲ ಅರ್ಧಕ್ಕೇ ಕೂತುಬಿಟ್ಟಳು. ತುಟಿ ನೀಲಿಗಟ್ಟಿತ್ತು.

"ನೀ ಹೋಗಿ ಬಾ. ಅಮ್ಮಗ ಇಲ್ಲಿಂದ್ಲೇ ಕೈಮುಗಿತೀನಿ," ಎಂದಳು.

ಅವನು ಹೋಗಲಿಲ್ಲ. ಪಕ್ಕದಲ್ಲೇ ಕೂತ. ಅವಳ ಎದೆಯೊಳಗಿನ ಸದ್ದು ಅವನಿಗೆ ಕೇಳಿಸುತ್ತಿತ್ತು.

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಎದೆಯ ಡಾಕ್ಟರು ಎಕ್ಸ್‌ರೇ ಫೋಟೊಗಳನ್ನು ದೀಪಕ್ಕೆ ಹಿಡಿದು ನೋಡಿದರು.

"ಮನೇಲಿ ಏನಾದ್ರೂ ಧೂಳಿನ ಕೆಲಸ ಇದೆಯಾ?"

ಗಾಳೆಪ್ಪ ಬಾಯಿ ತೆರೆಯುವ ಮೊದಲೇ ದುರುಗಮ್ಮ, "ಇಲ್ರೀ ಸಾಹೇಬ್ರ, ಏನೂ ಇಲ್ಲ," ಅಂದುಬಿಟ್ಟಳು.

"ಐತ್ರಿ ಸರ್," ಎಂದಳು ಸಮತಾ. "ಕಟ್ಟಿಗಿ ಕೊರಿಯೋ ಮಷಿನ್ ಐತ್ರಿ. ನಾನೇ ತರ‍್ಸಿದ್ದು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೆಂದು ಗಾಳೆಪ್ಪ ಆಮೇಲೆ ಎಷ್ಟೋ ಸಲ ಅಂದುಕೊಂಡ. ಅವರು ಸಮಾಧಾನವಾಗಿಯೇ ಹೇಳಿದರು: ಒಲೆಯ ಹೊಗೆ ಪುಪ್ಪುಸವನ್ನು ಮೊದಲೇ ಕೆಡಿಸಿದೆ, ಅದರ ಮೇಲೆ ಈ ಧೂಳು ಬಿದ್ದಿದೆ, ಯಾವುದರಿಂದ ಎಷ್ಟು ಎಂದು ಯಾರಿಂದಲೂ ಹೇಳಲಾಗದು. ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ. ಇನ್ನು ಕೆಡದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ದಾಖಲು ಮಾಡುವಾಗ ನರ್ಸು ಮಸಿಯ ಪ್ಯಾಡು ಮುಂದಿಟ್ಟಳು. ದುರುಗಮ್ಮ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದಳು. ಉಸಿರು ಎಳೆಯುತ್ತ, ಒಂದೊಂದೇ ಅಕ್ಷರವನ್ನು ಸಾವಕಾಶ ತಿದ್ದಿ, ತನ್ನ ಹೆಸರು ಬರೆದಳು. ಬರೆದಾದ ಮೇಲೆ ಗಂಡನ ಕಡೆ ನೋಡಿ ನಕ್ಕಳು. ಗಾಳೆಪ್ಪ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ಮನೆಗೆ ಬಂದ ದಿನವೇ ಅವನು ಯಂತ್ರ ಬಿಚ್ಚಿದ. ಒದ್ದೆ ಬಟ್ಟೆಯಿಂದ ಪಡಸಾಲೆ ಒರೆಸಿದ. ಗೂಡು, ತೊಲೆ, ಫೋಟೊಗಳ ಹಿಂಭಾಗ, ಫ್ಯಾನಿನ ರೆಕ್ಕೆ, ಎಲ್ಲ ಕಡೆಯೂ ಕಂದು ಹಿಟ್ಟು ಇತ್ತು. ಅಷ್ಟು ಧೂಳಿನಲ್ಲಿ ಅವಳನ್ನು ಕೂರಿಸಿದ್ದೆನೇ ಎಂದು ಅವನ ಕೈ ನಿಂತುನಿಂತು ಹೋಗುತ್ತಿತ್ತು.

ಅದೇ ಜಾಗದಲ್ಲಿ ಈಗ ಆಕ್ಸಿಜನ್ ಯಂತ್ರ ಬಂತು. ದುರುಗಮ್ಮ ಮೂಗಿಗೆ ಕೊಳವೆ ಹಾಕಿಕೊಂಡು ಮಂಚದ ಮೇಲೆ ಕೂರುತ್ತಿದ್ದಳು. ಗಾಳೆಪ್ಪ ಮತ್ತೆ ಕಟ್ಟೆಗೆ ಹೋಗಿ ಕೂತ. ಹತ್ತು ದಿನ ನೋಡಿ ಅವಳೇ ಸಿಟ್ಟಿಗೆದ್ದಳು.

"ಮಷಿನ್ ಹೂಡು. ಅದು ಇದ್ದಾಗ ನೀ ನನ್ ಎದುರಿಗೆ ಇರ‍್ತಿದ್ದಿ. ಈಗ ನೋಡು, ಒಬ್ಬಾಕಿನೇ ಗ್ವಾಡಿ ನೋಡ್ಕಂತ ಕುಂತೀನಿ."

"ಮತ್ತ ಧೂಳು ಎಬ್ಸು ಅಂತಿಯೇನಲೇ?"

"ಹಿತ್ಲಾಗ ಹೂಡು. ಕಿಟಕ್ಯಾಗ ನೋಡ್ತೀನಿ."

ಸಮತಾ ಒಪ್ಪಿದ ಮೇಲೆ ಹಿತ್ತಲಲ್ಲಿ ತಗಡಿನ ಶೆಡ್ಡು ಎದ್ದಿತು. ಈ ಸಲ ಎಲ್ಲವೂ ಕ್ರಮದಲ್ಲಿ ನಡೆಯಿತು. ಧೂಳು ಎಳೆಯುವ ವ್ಯಾಕ್ಯೂಮ್ ಬಂತು, ಗೋಡೆಗೆ ಎಕ್ಸಾಸ್ಟ್ ಫ್ಯಾನು ಬಂತು, ಗಾಳಿ ಸೋಸುವ ಒಳ್ಳೆಯ ಮಾಸ್ಕು ಬಂತು, ನಿಂತರೆ ಕಾಲು ನೋಯಬಾರದೆಂದು ರಬ್ಬರ್ ಚಾಪೆ ಬಂತು. ಎಂಡಿಎಫ್ ನಿಂತೇಹೋಯಿತು. ಅಡುಗೆಮನೆಯ ಕಿಟಕಿಗೆ ಗಾಜು ಹಾಕಿಸಿ, ಸುತ್ತ ಮೇಣ ತುಂಬಿ ಭದ್ರ ಮಾಡಿದರು. ಅದರ ಹಿಂದೆ ದುರುಗಮ್ಮ ಕುರ್ಚಿಯಲ್ಲಿ ಕೂರುತ್ತಿದ್ದಳು. ಅವನು ಒಂದು ಅಕ್ಷರ ಮುಗಿಸಿ ಗಾಜಿಗೆ ಹಿಡಿದರೆ ಅವಳ ತುಟಿ ಆಡುವುದು ಕಾಣುತ್ತಿತ್ತು. ಏನೆಂದಳೋ ಕೇಳುತ್ತಿರಲಿಲ್ಲ. ಮಾಸ್ಕಿನೊಳಗಿಂದ ಅವನಂದದ್ದೂ ಅವಳಿಗೆ ಮುಟ್ಟುತ್ತಿರಲಿಲ್ಲ. ಒಳಗೆ ಹೋಗಬೇಕಾದರೆ ಅವನು ಅಂಗಿ ಕಳೆದು, ಮೈ ತೊಳೆದು, ಬೇರೆ ಬಟ್ಟೆ ಹಾಕಿಕೊಳ್ಳಬೇಕಿತ್ತು. ಅಷ್ಟರಲ್ಲಿ ಅವಳಿಗೆ ಜೋಂಪು ಹತ್ತಿರುತ್ತಿತ್ತು.

ಹೀಗೆ ಏಳು ತಿಂಗಳು. ಚಳಿ ಶುರುವಾದಾಗ ದುರುಗಮ್ಮನ ಎದೆಯಲ್ಲಿ ಕಫ ಕಟ್ಟಿತು. ಸಮತಾ ಕೆಲಸ ಮಾಡುವ ವಾರ್ಡಿನಲ್ಲೇ ಅವಳನ್ನು ನಾಲ್ಕು ದಿನ ಇಟ್ಟುಕೊಂಡರು. ಐದನೆಯ ದಿನ ಬೆಳಿಗ್ಗೆ, ಗಾಳೆಪ್ಪ ಚಹಾ ತರಲು ಕೆಳಗಿಳಿದು ಹೋಗಿದ್ದಾಗ, ದುರುಗಮ್ಮ ತೀರಿಕೊಂಡಳು. ಮಗಳು ಮೆಟ್ಟಿಲ ಹತ್ತಿರ ಬಂದು ನಿಂತದ್ದು ನೋಡಿಯೇ ಅವನಿಗೆ ತಿಳಿಯಿತು. ಚಹಾದ ಲೋಟ ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ನಿಂತಿದ್ದ.

ತಿಥಿಯ ದಿನಗಳೆಲ್ಲ ಮುಗಿದು, ಬಂದ ನೆಂಟರು ಹೋದ ಮೇಲೆ, ಒಂದು ಮಧ್ಯಾಹ್ನ ಸಮತಾ ಡ್ಯೂಟಿಯಿಂದ ಬೇಗ ಬಂದಳು. ಶೆಡ್ಡಿನ ಬಾಗಿಲು ಮುಚ್ಚಿತ್ತು. ತೆರೆದರೆ ಫ್ಯಾನು ನಿಂತಿದೆ, ವ್ಯಾಕ್ಯೂಮ್ ಹಾಕಿಲ್ಲ. ಅಪ್ಪ ನೆಲದ ಮೇಲೆ ಕೂತು, ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಉಳಿದಿದ್ದ ಹಳೆಯ ಎಂಡಿಎಫ್ ತುಂಡೊಂದನ್ನು ಉಜ್ಜುತ್ತಿದ್ದಾನೆ. ಮೀಸೆ, ಹುಬ್ಬು ಎಲ್ಲ ಧೂಳು. ಅದರಲ್ಲಿ ಯಾವ ಅಕ್ಷರವೂ ಇರಲಿಲ್ಲ. ಬರೀ ಹಲಗೆ.

"ಏನ್ ಮಾಡಾಕತ್ತೀಯಪ್ಪಾ?"

"ಎಷ್ಟು ಒಳಗ ಹೋಗ್ತೈತಿ ಅಂತ ನೋಡಾಕತ್ತಿದ್ನೆವ್ವಾ."

ಸಮತಾ ಅವನ ಕೈಯಿಂದ ಹಲಗೆ ಕಿತ್ತು ಎಸೆದಳು. ಅಮ್ಮ ಸತ್ತಾಗಲೂ ಗಟ್ಟಿಯಾಗಿ ಅಳದವಳು ಅಂದು ಕೂಗಾಡಿದಳು.

"ತರ‍್ಸಿದಾಕಿ ನಾನು! ನರ್ಸ್ ಆಗಿ ನನಗ ಗೊತ್ತಾಗ್ಲಿಲ್ಲ. ನೀ ಒಬ್ಬನೇ ಹೊತ್ಕಂಡು ಸಾಯ್ತೀನಿ ಅಂದ್ರ ನಾ ಯಾರ ಮುಂದ ಹೇಳ್ಕಳ್ಳಿ?"

ಮಗಳೂ ಇಷ್ಟು ದಿನ ಅದನ್ನೇ ಹೊತ್ತು ಡ್ಯೂಟಿಗೆ ಹೋಗಿ ಬರುತ್ತಿದ್ದಳೆಂಬುದು ಗಾಳೆಪ್ಪನಿಗೆ ಆಗಲೇ ತಿಳಿದದ್ದು. ಅವನು ಎದ್ದು ಹೊರಗೆ ಬಂದ. ನಲ್ಲಿಯ ಹತ್ತಿರ ಅವಳೇ ಅವನ ತಲೆಗೆ ನೀರು ಹಾಕಿದಳು.

ಗರಗಸದ ಯಂತ್ರವನ್ನು ಹರಪನಹಳ್ಳಿಯ ಹುಲುಗೇಶ್ ಎಂಬ ಚಿತ್ರಕಲಾ ಮೇಷ್ಟ್ರು ಬಂದು ತೆಗೆದುಕೊಂಡು ಹೋದರು. ಗಾಳೆಪ್ಪ ಅವರನ್ನು ಕೂರಿಸಿ, ಮನೆಯಲ್ಲಿ ಯಾರು ಯಾರು ಇದ್ದಾರೆಂದು ಕೇಳಿದ. ಹೆಂಡತಿ, ತಾಯಿ ಇದ್ದಾರೆಂದರು.

"ಮನಿ ಒಳಗ ಹೂಡಬ್ಯಾಡ್ರಿ ಮೇಷ್ಟ್ರೇ. ಯಾರ‍್ನೂ ಎದುರಿಗೆ ಕುಂದ್ರಿಸ್ಕಬ್ಯಾಡ್ರಿ. ನಮ್ಮಾಕಿ ಅದ್ರಿಂದ್ಲೇ ಹೋದ್ಳು."

ಯಾವುದರಿಂದ ಎಷ್ಟು ಎಂಬ ಡಾಕ್ಟರ ಮಾತನ್ನು ಅವನು ಹೇಳಲಿಲ್ಲ. ಮೇಷ್ಟ್ರು ಗಾಬರಿಯಾಗಿ, ಆಯ್ತು ಆಯ್ತು ಎನ್ನುತ್ತ ಯಂತ್ರವನ್ನು ಆಟೋಗೆ ಏರಿಸಿಕೊಂಡರು.

ಶೆಡ್ಡಿನಲ್ಲಿ ಈಗ ಸಮತಾ ಸ್ಕೂಟಿ ನಿಲ್ಲಿಸುತ್ತಾಳೆ. ಅವಳು ಬರುವ ಹೊತ್ತಿಗೆ ಗಾಳೆಪ್ಪ ಅನ್ನ, ಸಾರು ಮಾಡಿಟ್ಟಿರುತ್ತಾನೆ. ರೊಟ್ಟಿ ಬಡಿಯುವುದು ಇನ್ನೂ ಬಂದಿಲ್ಲ. ಒಮ್ಮೊಮ್ಮೆ ಸಾರಿಗೆ ಉಪ್ಪು ಜಾಸ್ತಿಯಾಗುತ್ತದೆ. ಅವಳು ಹೇಳುವುದಿಲ್ಲ, ಸುಮ್ಮನೆ ಉಂಡು ಏಳುತ್ತಾಳೆ. ಅವನೂ ಕೇಳುವುದಿಲ್ಲ.